ಹಣೆಯ ಮೇಲಿನ ಎರಡು ಸುಳಿ

ಉಳವಪ್ಪನನ್ನು ಶನಿವಾರ ನೋಡಿದವರು ಸೋಮವಾರ ಗುರುತು ಹಿಡಿಯುವುದು ಕಷ್ಟ. ಸೋಮವಾರದ ಉಳವಪ್ಪ ಜರ್ಮನಿಯ ರೆನ್ನಿಂಗೆನ್ನಿನ ಸಂಶೋಧನಾ ಕೇಂದ್ರವೊಂದರ ಎಂಜಿನಿಯರ್. ಕೊರಳಲ್ಲಿ ಬ್ಯಾಡ್ಜ್, ಇಸ್ತ್ರಿ ಮಾಡಿದ ಅಂಗಿ, ಎದುರಿಗೆ ಸಾಲು ಪರದೆ. ರಸ್ತೆಗೆ ಅಡ್ಡ ಬಂದದ್ದು ಜಿಂಕೆಯೋ, ಸೈಕಲ್ಲೋ, ಕೋಲೂರಿದ ಅಜ್ಜಿಯೋ ಎಂಬುದನ್ನು ಕಾರಿನ ಕ್ಯಾಮೆರಾಕ್ಕೆ ಕಲಿಸುವುದು ಅವನ ಉದ್ಯೋಗ. ಶನಿವಾರದ ಉಳವಪ್ಪ ಮೊಣಕಾಲುದ್ದದ ರಬ್ಬರ್ ಬೂಟು ಮೆಟ್ಟಿ, ಹಳೆಯ ಜರ್ಕಿನ್ ಹಾಕಿ, ಕೈಯಲ್ಲಿ ಹಿಂಡಿಯ ಬಕೆಟ್ ಹಿಡಿದು, ಸ್ವಾಬಿಯಾದ ಗುಡ್ಡದ ಮೇಲೆ ನಿಂತು "ಹೋ ಬಾ, ಬಾ ಬಾ ಬಾ" ಎಂದು ಜರ್ಮನಿಯ ದನಗಳನ್ನು ವಿಜಾಪುರದ ಕನ್ನಡದಲ್ಲಿ ಕರೆಯುವವನು. ದನಗಳಿಗೆ ಭಾಷೆಯ ಪರೀಕ್ಷೆ ಬರೆಯುವ ತಾಪತ್ರಯವಿಲ್ಲ. ಕರೆದ ಕೂಡಲೇ ಬರುತ್ತಿದ್ದವು.

ಇದೆಲ್ಲ ಶುರುವಾದದ್ದು ಮಗಳಿಂದ. ಪವಿ ಇನ್ನೂ ಚಿಕ್ಕವಳಿದ್ದಾಗ ಅವಳಿಗೆ ಕುದುರೆಯ ಹುಚ್ಚು ಹಿಡಿಯಿತು. ಕೌಬಾಯ್ ಥರ ಸವಾರಿ ಕಲಿಸುವ ರಾಂಚ್ ಒಂದು ಗುಡ್ಡದ ಮೇಲಿದೆ ಎಂದು ಯಾರೋ ಹೇಳಿದರು. ಪ್ರತಿ ಶನಿವಾರ ಅಪ್ಪ ಕಾರಿನಲ್ಲಿ ಕರೆದೊಯ್ಯುತ್ತಿದ್ದ. ಎರಡು ವರ್ಷಕ್ಕೆ ಹುಡುಗಿಗೆ ಕುದುರೆ ಸಾಕಾಯಿತು, ಫೋನ್ ಬೇಕಾಯಿತು. ಮಗಳು ಬಿಟ್ಟಳು, ಅಪ್ಪ ಹಿಡಿದುಕೊಂಡ.

"ಊರು ಬಿಟ್ಟು ಇಲ್ಲೀ ತನಕ ಬಂದದ್ದು ಮತ್ತ ಸೆಗಣಿ ಬಳಿಯಾಕೇನ್ರಿ?" ಎಂದು ಹೆಂಡತಿ ಕಸ್ತೂರಿ ಪ್ರತಿ ವಾರವೂ ಕೇಳುತ್ತಿದ್ದಳು. ಅವನ ಬೂಟುಗಳಿಗೆ ಮನೆಯೊಳಗೆ ಪ್ರವೇಶವಿರಲಿಲ್ಲ. ಕೆಳಗೆ ಕೆಲ್ಲರ್‌ನಲ್ಲಿ, ನೆಲಮಾಳಿಗೆಯಲ್ಲಿಯೇ ಅವುಗಳ ವಾಸ. ಪವಿಯ ಗೆಳತಿಯರು ಮನೆಗೆ ಬಂದಾಗ ಅವನು ಆ ವೇಷದಲ್ಲಿ ಎದುರಾದರೆ "ಪಪ್ಪಾ, ಪೈನ್‌ಲಿಶ್!" ಎನ್ನುತ್ತಿದ್ದಳು. ಮಾನ ಹೋಯಿತು ಎಂದು ಅದರರ್ಥ. ಉಳವಪ್ಪ ನಗುತ್ತಿದ್ದ. ಅವನಿಗೆ ಆ ವಾಸನೆ ಬೇಕಾಗಿತ್ತು. ಒಂದು ಕಸಿವಿಸಿ ಮಾತ್ರ ಅವನನ್ನು ಬಿಡಲಿಲ್ಲ. ಅವು ಹಾಲಿನ ದನಗಳಲ್ಲ, ಮಾಂಸಕ್ಕೆ ಸಾಕಿದವು. ಲಾರಿ ಬರುವ ವಾರ ಅವನು ಗುಡ್ಡ ಹತ್ತುತ್ತಿರಲಿಲ್ಲ, ಮುಂದಿನ ವಾರ ಹೋದಾಗ ಯಾವುದು ಕಾಣುತ್ತಿಲ್ಲ ಎಂದು ಕೇಳುತ್ತಲೂ ಇರಲಿಲ್ಲ.

ರಾಂಚಿನ ಧಣಿ ಎಗೋನ್. ಆಯುಷ್ಯವೆಲ್ಲ ಊರ ಮನೆಗಳಿಗೆ ಹಂಚು ಹೊದಿಸಿ, ಸೊಂಟ ಹಿಡಿದುಕೊಂಡ ಮೇಲೆ ದನ ಕಟ್ಟಿದವನು. ಅಮೆರಿಕವನ್ನು ಕಣ್ಣಿನಿಂದ ಕಂಡವನಲ್ಲ, ಆದರೆ ಅಗಲ ಅಂಚಿನ ಟೋಪಿಯಿಲ್ಲದೆ ಬೇಕರಿಗೂ ಹೋಗುತ್ತಿರಲಿಲ್ಲ. ಶನಿವಾರ, ಭಾನುವಾರ ಅವನ ಸುತ್ತ ಅಂಥದೇ ಟೋಪಿಯವರ ಒಂದು ಸಂಘ ಸೇರುತ್ತಿತ್ತು: ಬ್ಯಾಂಕಿನವನು, ಹಲ್ಲಿನ ಡಾಕ್ಟರು, ಬಸ್ ಓಡಿಸುವವನು. ಮರದ ಗುಡಿಸಲೊಂದಕ್ಕೆ, ಕೌಬಾಯ್ ಸಿನಿಮಾದ ಹೆಂಡದಂಗಡಿಯ ಹಾಗೆ, ಸಲೂನ್ ಎಂದು ಬೋರ್ಡು. ಅದರ ಬಾಗಿಲಲ್ಲಿ ಆಲ್ಪ್ಸ್ ಕಡೆಯಿಂದ ತಂದ, ಚೊಂಬಿನಷ್ಟು ದೊಡ್ಡ ದನದ ಗಂಟೆ. ಊಟಕ್ಕೆ ಕರೆಯಲು ಅದನ್ನು ಬಾರಿಸುತ್ತಿದ್ದರು. ಅದು ಬಾರಿಸಿದಾಗಲೆಲ್ಲ ಉಳವಪ್ಪನ ಬೆನ್ನು ಸೆಟೆದುಕೊಳ್ಳುತ್ತಿತ್ತು. ಯಾಕೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಣಿವೆಯ ಆಚೆ ದಂಡೆಗೆ ಇನ್ನೊಂದು ರಾಂಚ್. ಅದು ಹೆಲ್ಮುಟ್‌ನದು. ಇಬ್ಬರೂ ಒಂದು ಕಾಲದಲ್ಲಿ ಪಾಲುದಾರರು, ಒಂದೇ ಗ್ಲಾಸಿನಲ್ಲಿ ಬಿಯರ್ ಕುಡಿದವರು. ಬ್ರೂನೋ ಎಂಬ ಹೋರಿ ಯಾರಿಗೆ ಸೇರಬೇಕು ಎಂದು ಜಗಳ ಹತ್ತಿ ಪಾಲಾದರು. ಗಬ್ಬದ ಹಸುಗಳನ್ನು ಸಮನಾಗಿ ಹಂಚಿಕೊಂಡರು, ಹೋರಿ ಹೆಲ್ಮುಟ್‌ಗೆ ಹೋಯಿತು. ಆ ವರ್ಷವೇ ಎಗೋನ್‌ನ ಬೇಲಿಯಿಂದ ಒಂದು ಕರು ಮಾಯವಾಯಿತು. ಮರುವರ್ಷ ಹೆಲ್ಮುಟ್‌ನ ಒಂದು ಕಡಸು ಕಾಣದಾಯಿತು. ಕರು ಕದ್ದವನು ಹೆಲ್ಮುಟ್, ಕಡಸು ಕದ್ದವನು ಎಗೋನ್. ಇದು ಹಳ್ಳಿಗೆಲ್ಲ ಗೊತ್ತಿತ್ತು, ಪೊಲೀಸರಿಗೆ ಮಾತ್ರ ಇಬ್ಬರೂ ಹೇಳಲಿಲ್ಲ. ಹೇಳಿದರೆ ತಮ್ಮ ಬುಡಕ್ಕೇ ಬರುತ್ತದಲ್ಲ! ಟೋಪಿ ಹಾಕಿಕೊಂಡು ಆಡುತ್ತಿದ್ದ ಆಟ ಹೀಗೆ ನಿಜವಾದ ಹಗೆಯಾಗಿ ಕೂತಿತು.

ಉಳವಪ್ಪನಿಗೆ ಈ ಹಗೆಯಲ್ಲಿ ಜಾಗ ಸಿಕ್ಕಿದ್ದು ಅವನ ಒಂದು ವಿದ್ಯೆಯಿಂದ. ಇಲ್ಲಿ ದನಗಳ ಎರಡೂ ಕಿವಿಗೆ ಹಳದಿ ಬಿಲ್ಲೆ ಚುಚ್ಚಿ, ಅದರ ಮೇಲಿನ ನಂಬರಿನಿಂದ ಗುರುತಿಸುತ್ತಾರೆ. ಉಳವಪ್ಪ ಬಿಲ್ಲೆಯತ್ತ ನೋಡುತ್ತಲೇ ಇರಲಿಲ್ಲ. ಹಣೆಯ ಮೇಲೆ, ಬೆನ್ನಿನ ಮೇಲೆ ಕೂದಲು ತಿರುಗಿ ನಿಂತ ಸುಳಿ ನೋಡಿ ಇದು ಯಾರ ಕರು, ಅದು ಯಾವುದರ ತಂಗಿ ಎನ್ನುತ್ತಿದ್ದ. ಸಂಘದವರು ಬಿಲ್ಲೆ ಮುಚ್ಚಿ ಪರೀಕ್ಷೆ ಮಾಡಿ ದಂಗಾಗುತ್ತಿದ್ದರು. ಆಫೀಸಿನಲ್ಲಿ ಅವನ ಯಂತ್ರ ಜಿಂಕೆಯನ್ನು ನೋಡಿ, ಇದು ಜಿಂಕೆಯೆಂದು ನೂರಕ್ಕೆ ತೊಂಬತ್ತು ಪಾಲು ನಂಬಿಕೆ ಎಂದು ಅಂಜುತ್ತ ಹೇಳುತ್ತಿತ್ತು. ಉಳವಪ್ಪ ಆ ಲೆಕ್ಕ ಇಟ್ಟವನಲ್ಲ. ಇದೇ ಎಂದರೆ ಇದೇ.

ಅದು ಅಪ್ಪನಿಂದ ಬಂದದ್ದು. ಅಪ್ಪ ಶರಣಪ್ಪ ಡೋಣಿ ಹೊಳೆಯ ಸುತ್ತಿನ ಹಳ್ಳಿಗಳಿಗೆಲ್ಲ ಬೇಕಾದವನು. ದನ ಕೊಳ್ಳುವವರು ಅವನನ್ನು ಕರೆದೊಯ್ದು ಸುಳಿ ತೋರಿಸುತ್ತಿದ್ದರು. ದನ ಕಳವಾಗಿ ಎಲ್ಲೋ ಸಿಕ್ಕಾಗ, ಇದು ನನ್ನದು, ತನ್ನದು ಎಂದು ತಕರಾರು ಬಂದರೆ, ಕಟ್ಟೆಯ ಮೇಲೆ ಕೂತ ಹಿರಿಯರು ಶರಣಪ್ಪನ ಮೋರೆ ನೋಡುತ್ತಿದ್ದರು. ಅವನು ದನದ ಸುತ್ತ ಒಂದು ಸುತ್ತು ಬಂದು, ಹಣೆ ಸವರಿ, "ಇದ ಐತಿ" ಎಂದರೆ ಮುಗಿಯಿತು, ಮೇಲ್ಮನವಿ ಇರಲಿಲ್ಲ. ಒಂದು ಸುಳಿ ಒಂದೇ ದನಕ್ಕೆ ಎಂದು ಅವನು ಮಗನಿಗೆ ಹೇಳಿಕೊಟ್ಟಿದ್ದ.

ಉಳವಪ್ಪ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಊರ ಗೌಡನ ಬಿಳಿ ಖಿಲಾರಿ ಎತ್ತು ಕಳವಾಯಿತು. ಶರಣಪ್ಪನ ಮನೆಯಲ್ಲೇ ಹುಟ್ಟಿ ಬೆಳೆದ ಎತ್ತು ಅದು, ಗೌಡನಿಗೆ ಮಾರಿದ್ದರು. ಕೆಲವು ದಿನಗಳಲ್ಲೇ, ಊರ ಹೊರಗಿನ ಕೇರಿಯ ದುರಗಪ್ಪ ಅಂಥದೇ ಬಿಳಿ ಎತ್ತೊಂದನ್ನು ಹೊಡೆದುಕೊಂಡು ಬಂದ. ಸೊಲ್ಲಾಪುರದ ಕಡೆಯ ಸಂತೆಯಲ್ಲಿ ಕೊಂಡೆ ಎಂದ. ದುರಗಪ್ಪನಂಥವನು ಖಿಲಾರಿ ಕೊಳ್ಳುವುದೆಂದರೇನು! ಊರಿಗೆ ಅಷ್ಟೇ ಸಾಕಾಗಿತ್ತು. ಆದರೂ ಶಾಸ್ತ್ರಕ್ಕೆಂದು ಶರಣಪ್ಪನನ್ನು ಕರೆದರು. ಅವನು ಹಣೆ ಸವರಿದ. ಎರಡು ಸುಳಿ, ಎಡದ್ದು ಒಂದಿಷ್ಟು ಮೇಲಕ್ಕೆ.

"ಇದ ಐತಿ."

ಆಮೇಲೆ ನಡೆದದ್ದನ್ನು ಉಳವಪ್ಪ ಬೇವಿನ ಮರದ ಹಿಂದೆ ನಿಂತು ನೋಡಿದ. ದುರಗಪ್ಪನ ಬಲಗೈಯನ್ನು ಚಕ್ಕಡಿಯ ನೊಗದ ಮೇಲಿಟ್ಟು ಬಡಿದರು. ಆ ಕೈ ಮತ್ತೆ ಯಾವತ್ತೂ ಕುಡಗೋಲು ಹಿಡಿಯಲಿಲ್ಲ.

ಜೋಳದ ರಾಶಿಯ ಹೊತ್ತಿಗೆ, ಒಂದು ನಸುಕಿನಲ್ಲಿ, ಅಂಗಳದಲ್ಲಿ ಗಂಟೆಯ ಸದ್ದಾಯಿತು. ಉಳವಪ್ಪ ಕಂಬಳಿ ಸರಿಸಿ ನೋಡಿದ. ಕಳವಾಗಿದ್ದ ಗೌಡನ ಎತ್ತು. ಹರಿದ ಹಗ್ಗ ಎಳೆದುಕೊಂಡು, ಸೊರಗಿ, ತಾನು ಹುಟ್ಟಿದ ಮನೆಯ ಗೋದಲಿಗೆ ಮೂತಿ ಹಾಕಿ ನಿಂತಿತ್ತು. ಅಪ್ಪ ಅದರ ಮುಂದೆ ನಿಂತಿದ್ದ. ಎಷ್ಟೋ ಹೊತ್ತು ನಿಂತಿದ್ದ. ಆಮೇಲೆ ಅದರ ಕೊರಳ ಗಂಟೆಯನ್ನು ಸದ್ದಾಗದಂತೆ ಅಂಗೈಯಲ್ಲಿ ಹಿಡಿದು ಬಿಚ್ಚಿದ. ಹೆಗಲ ವಸ್ತ್ರದಲ್ಲಿ ಗಂಟೆಯನ್ನು ಸುತ್ತಿ ಬಾವಿಗೆ ಬಿಟ್ಟ. ಎತ್ತಿನ ಹಗ್ಗ ಹಿಡಿದು, ಮನೆಗಳಿಲ್ಲದ ಕಡೆಯಿಂದ, ಹೊಳೆಯ ದಾರಿಗೆ ನಡೆದುಬಿಟ್ಟ. ಬರಿಗೈಲಿ ಮರಳಿ ಬಂದಾಗ ಯಾರೂ ಏನೂ ಕೇಳಲಿಲ್ಲ. ಕೇಳಲು ಯಾರಿಗೂ ಏನೂ ಗೊತ್ತಿರಲಿಲ್ಲ, ಮಗನ ಹೊರತು.

ಅಂದಿನಿಂದ ಶರಣಪ್ಪ ಯಾರ ದನಕ್ಕೂ ಸುಳಿ ನೋಡಲಿಲ್ಲ. ಪ್ರತಿ ಸುಗ್ಗಿಯಲ್ಲಿ ದುರಗಪ್ಪನ ಮನೆಗೆ ಒಂದು ಚೀಲ ಜೋಳ ಕಳಿಸುತ್ತಿದ್ದ. ಕಳ್ಳನಿಗೂ ಕರುಣೆ ತೋರಿಸುವ ಪುಣ್ಯಾತ್ಮ ಎಂದು ಊರು ಹೊಗಳಿತು. ಹೊಗಳಿದ ದಿನ ಅವನು ಊಟ ಮಾಡುತ್ತಿರಲಿಲ್ಲ. ಇಬ್ಬರೂ ತೀರಿಕೊಂಡು ವರ್ಷಗಳಾದವು. ಒಬ್ಬ ಪುಣ್ಯಾತ್ಮನಾಗಿ ಸತ್ತ, ಇನ್ನೊಬ್ಬ ಕಳ್ಳ ದುರಗ್ಯಾ ಆಗಿಯೇ ಸತ್ತ. ಆ ಗಂಟೆಯ ಸದ್ದು ಮಾತ್ರ ಉಳವಪ್ಪನ ಜೊತೆ ಜರ್ಮನಿಗೆ ಬಂದಿತು. ಕಂಪನಿಯಲ್ಲಿ ಸದ್ದು ಹೊಗದ ಒಂದು ಪ್ರಯೋಗದ ಕೋಣೆಯಿದೆ. ಅದರೊಳಗೆ ಒಬ್ಬನೇ ನಿಂತರೆ ಅವನಿಗೆ ಅದು ಕೇಳಿಸುತ್ತಿತ್ತು, ಬಟ್ಟೆಯೊಳಗೆ ಸುತ್ತಿದ ಗಂಟೆ ನೀರಿನಲ್ಲಿ ಇಳಿಯುವ ಸದ್ದು. ಕಿವಿಯ ಡಾಕ್ಟರಿಗೆ ತೋರಿಸಿದ. ಕಿವಿಯಲ್ಲಿ ಏನೂ ಇಲ್ಲ ಎಂದರು.

ಕಳೆದ ಬೇಸಿಗೆಯಲ್ಲಿ ಎಗೋನ್‌ನ ಬೆರ್ತಾ ಕಳವಾಯಿತು. ಕೆಂಪು ಮೈಯ ಕಡಸು, ಉಳವಪ್ಪನ ಮುದ್ದಿನದು; ಅವನ ಜರ್ಕಿನ್ನಿನ ತೋಳನ್ನು ನೆಕ್ಕದೆ ಬಕೆಟ್ಟಿಗೆ ಬಾಯಿ ಹಾಕುತ್ತಿರಲಿಲ್ಲ. ಬೇಲಿಯ ತಂತಿ ಹರಿದಿತ್ತು. ಬೇಲಿಯ ಆಚೆ, ಹಿಂದೊಮ್ಮೆ ಸೈನ್ಯ ಕವಾಯತು ಮಾಡುತ್ತಿದ್ದ, ಈಗ ಕಾಡು ಬೆಳೆದ ಬಯಲು ಮೈಲುಗಟ್ಟಲೆ. ಅಲ್ಲಿ ಹುಡುಕಿದರು, ಸಿಗಲಿಲ್ಲ. ಎಗೋನ್ ಹುಡುಕಿದ್ದಕ್ಕಿಂತ ಹಲ್ಲು ಕಡಿದದ್ದೇ ಹೆಚ್ಚು.

ಆಮೇಲೊಂದು ಶನಿವಾರ ಎಗೋನ್ ಅವನನ್ನು ಕಣಿವೆಯಾಚೆ ಹೆಲ್ಮುಟ್‌ನ ಬೇಲಿಗೆ ಕರೆದೊಯ್ದ. ದೂರದಲ್ಲಿ ಒಂದು ಕೆಂಪು ಕಡಸು ಮೇಯುತ್ತಿತ್ತು. ಒಂದು ಕಿವಿ ಹರಿದಿತ್ತು, ಎರಡೂ ಕಿವಿಗೆ ಹೊಚ್ಚ ಹೊಸ ಬಿಲ್ಲೆ.

"ಹಳೆಯದನ್ನು ಕಿತ್ತು ಹೊಸದು ಚುಚ್ಚಿದ್ದಾನೆ," ಎಂದ ಎಗೋನ್. "ನೀನು ಹೇಳು. ನೀನು ಹೇಳಿದರೆ ಸಾಕು."

ಉಳವಪ್ಪ ಕರೆದ. "ಹೋ ಬಾ, ಬಾ ಬಾ." ಕಡಸು ತಲೆಯೆತ್ತಿ, ಒಂದು ಕ್ಷಣ ತಡೆದು, ಬೇಲಿಗೆ ಬಂದಿತು. ಅವನು ಕೈ ಚಾಚಿ ಹಣೆ ಸವರಿದ. ಎರಡು ಸುಳಿ, ಎಡದ್ದು ಒಂದಿಷ್ಟು ಮೇಲಕ್ಕೆ. ಅದು ತೋಳನ್ನು ಮೂಸಿತು, ನೆಕ್ಕಲಿಲ್ಲ. ಬೇರೆ ಮಂದೆಯಲ್ಲಿದ್ದು ಮರೆತಿರಬೇಕು ಎಂದುಕೊಂಡ. ಬೆರ್ತಾ ಸಿಕ್ಕಳಲ್ಲ ಎಂಬ ಸಂತೋಷ ಅವನಿಗೆ. ಆ ಸಂತೋಷದ ಮುಂದೆ ಬೇರೆಯದು ಹೊಳೆಯಲಿಲ್ಲ.

"ಇದೇ," ಎಂದ.

ಅಂದ ಮರುಗಳಿಗೆ ಅವನಿಗೇ ಅದು ಕೇಳಿಸಿತು. ಆ ಮಾತು ಬಂದದ್ದು ತನ್ನ ಬಾಯಿಂದಲೇ, ಆದರೆ ದನಿ ಅಪ್ಪನದು. ಮಾತು ಆಗಲೇ ಬೇಲಿ ದಾಟಿ ಹೋಗಿತ್ತು.

ಬ್ಯಾಂಡಿನವರ ಹಬ್ಬದ ಭಾನುವಾರ ಹಳ್ಳಿಯೆಲ್ಲ ಡೇರೆಯಲ್ಲಿ ಕೂತು ಬಿಯರ್ ಕುಡಿಯುತ್ತಿದ್ದಾಗ ಎಗೋನ್‌ನ ಸಂಘ ಕುದುರೆ ಏರಿತು. ಮುಖಕ್ಕೆ ಕರವಸ್ತ್ರ ಬೇರೆ ಕಟ್ಟಿಕೊಂಡಿದ್ದರು, ಆದರೂ ಹಲ್ಲಿನ ಡಾಕ್ಟರ ಹೊಟ್ಟೆ ನೋಡಿದರೆ ಯಾರೆಂದು ತಿಳಿಯದವರಿಲ್ಲ. ಬೆರ್ತಾಳನ್ನಷ್ಟೇ ತರುವುದೆಂದು ಮಾತಾಗಿತ್ತು. ಉಳವಪ್ಪನಿಗೆ ಸವಾರಿ ಬಾರದು. ಗೇಟಿನ ಬಳಿ ಬಕೆಟ್ ಹಿಡಿದು ಅವನು ಕರೆಯಬೇಕು, ಅವಳು ಬರಬೇಕು, ಅಷ್ಟೇ.

ಅವನು ಕರೆದ. ಕೆಂಪು ಕಡಸು ಬಂದಿತು. ಅದರ ಹಿಂದೆ ಇಡೀ ಮಂದೆ ಬಂದಿತು. ಎಗೋನ್ ಅದನ್ನು ಕಂಡು ಟೋಪಿ ಬೀಸಿ ಕೂಗಿದ, "ಎಲ್ಲವನ್ನೂ ಹೊಡೆಯಿರಿ!" ಸವಾರರು ಕೇಕೆ ಹಾಕಿದರು. ಅಷ್ಟರಲ್ಲಿ ಕೊಟ್ಟಿಗೆಯ ಕಡೆಯಿಂದ ಹೆಲ್ಮುಟ್ ಓಡಿ ಬಂದ. ಎಪ್ಪತ್ತು ದಾಟಿದ ಮುದುಕ, ಹಬ್ಬಕ್ಕೆ ಹೋಗಿರಲಿಲ್ಲ. ಎರಡೂ ಕೈ ಚಾಚಿ ಗೇಟಿಗೆ ಅಡ್ಡ ನಿಂತ. ಬೆದರಿದ ದನಗಳು ಅವನನ್ನು ಕೆಡವಿಕೊಂಡೇ ಹೊರಬಿದ್ದವು.

ಧೂಳು ಇಳಿದಾಗ ಹೆಲ್ಮುಟ್ ಉಳವಪ್ಪನ ಕಾಲ ಬುಡದಲ್ಲಿ ಬಿದ್ದಿದ್ದ. ಏಳಲಾಗದೆ ಬಲಗೈ ಮೇಲೆತ್ತಿದ, ಹಿಡಿದೆಬ್ಬಿಸು ಎಂದು. ಉಳವಪ್ಪ ಆ ಕೈಯನ್ನೇ ನೋಡಿದ. ಅದು ನೊಗದ ಮೇಲಿಟ್ಟ ಕೈಯಾಗಿ ಕಂಡಿತು. ತನ್ನ ಕೈ ಬಕೆಟ್ಟನ್ನು ಬಿಡಲೇ ಇಲ್ಲ. ಎಗೋನ್ ಬಂದು ತೋಳು ಹಿಡಿದೆಳೆದಾಗ ಕುರಿಯ ಹಾಗೆ ಹಿಂದೆ ಹೋದ. ಕಾರಿನಲ್ಲಿ ಕೂತ ಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದ, ಹೆಸರು ಹೇಳದೆ.

ಕೆಂಪು ಕಡಸು ಹೆದ್ದಾರಿಗೆ ಇಳಿದು ಲಾರಿಗೆ ಸಿಕ್ಕಿ ಸತ್ತಿತು. ಉಳಿದವು ಚದುರಿಹೋಗಿ, ಒಂದೊಂದಾಗಿ ಹೆಲ್ಮುಟ್‌ನ ಕೊಟ್ಟಿಗೆಗೆ ಮರಳಿದವು. ಹೆಲ್ಮುಟ್‌ನ ಸೊಂಟದ ಮೂಳೆ ಮುರಿದಿತ್ತು. ದನಗಳು ತಾವೇ ಬೇಲಿ ಮುರಿದವೆಂದು ಸಂಘದವರೆಲ್ಲ ಒಂದೇ ಬಾಯಲ್ಲಿ ಹೇಳಿದರು. ಮಾಡಿಸಿದವನು ಎಗೋನ್ ಎಂದು ಹೆಲ್ಮುಟ್ ಆಸ್ಪತ್ರೆಯಿಂದ ಕೂಗಿದ; ಕೇಳುವವರಿರಲಿಲ್ಲ. ಬೇಕರಿಯಲ್ಲಿ, ಬಸ್ ನಿಲ್ದಾಣದಲ್ಲಿ ಜನ ಆಡಿದ ಮಾತು ಒಂದೇ: ಕದ್ದದ್ದಕ್ಕೆ ಶಿಕ್ಷೆಯಾಯಿತು, ಆ ಇಂಡಿಯಾದವನು ಬೆರ್ತಾಳನ್ನು ಕೈಯಿಂದ ಮುಟ್ಟಿ ಗುರುತು ಹಿಡಿದನಂತೆ, ಅವನ ಕೈ ತಪ್ಪುವುದೇ ಇಲ್ಲವಂತೆ.

ಆ ಮಾತು ಕಿವಿಗೆ ಬಿದ್ದ ದಿನ ಉಳವಪ್ಪನಿಗೆ ಊಟ ಸೇರಲಿಲ್ಲ. ಅಪ್ಪ ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಿದ್ದದ್ದು ನೆನಪಾಯಿತು. ರೊಟ್ಟಿಯನ್ನು ಅಪ್ಪ ಮುರಿಯುತ್ತಿದ್ದ ಹಾಗೆಯೇ ಮುರಿದು ಮುರಿದು ತಟ್ಟೆಯಲ್ಲೇ ಬಿಟ್ಟಿದ್ದ.

"ಏನಾಗೇತ್ರಿ ನಿಮಗ? ಯಾರ ಜೋಡಿ ಮಾತಾಡ್ಲಿಕ್ಹತ್ತೀರಿ?" ಎಂದಳು ಕಸ್ತೂರಿ.

"ಯಾರ ಜೋಡೀನೂ ಇಲ್ಲ."

"ಬಾಯಿ ಅಲ್ಲಾಡ್ಲಿಕ್ಹತ್ತಿತ್ತು."

ಅವನ ಯಂತ್ರ ಕೂಡ ಅವನಿಗೆ ಉಲ್ಟಾ ಹೊಡೆಯಿತು. ರಸ್ತೆಯಲ್ಲಿ ಬಿದ್ದ ಮನುಷ್ಯನ ಚಿತ್ರ ಪರದೆಯ ಮೇಲೆ ಬಂದರೆ ಉಳವಪ್ಪನಿಗೆ ಹೆಲ್ಮುಟ್ ಕಾಣುತ್ತಿದ್ದ, ಹೆಲ್ಮುಟ್ ಮುಖ ತಿರುಗಿಸಿದರೆ ದುರಗಪ್ಪ. ಟ್ರೇನಿನ ಕಿಟಕಿಯ ಗಾಜಿನಲ್ಲಿ ಒಂದು ಸಂಜೆ ಅಪ್ಪನೇ ಎದುರು ಕೂತಿದ್ದ, ಹೆಗಲ ಮೇಲೆ ವಸ್ತ್ರವಿಲ್ಲದೆ. ಅದು ತನ್ನದೇ ಪ್ರತಿಬಿಂಬ ಎಂದು ತಿಳಿಯಲು ಒಂದು ಸ್ಟೇಷನ್ ಹಿಡಿಯಿತು. ಆದರೂ ಒಂದು ಆಸರೆಯಿತ್ತು. ಕಡಸು ಬೆರ್ತಾಳೇ ಆಗಿದ್ದರೆ ತಾನು ಹೇಳಿದ್ದು ಸುಳ್ಳಲ್ಲ. ಅದೊಂದನ್ನೇ ಹಿಡಿದುಕೊಂಡು ದಿನ ನೂಕಿದ.

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ಗುಡ್ಡದ ಮೇಲೆ ಮಂಜು ಕವಿದಿತ್ತು. ಎಗೋನ್ ಹುಲ್ಲಿನ ಉಂಡೆ ತರಲು ಹೋಗಿದ್ದ. ಉಳವಪ್ಪ ಬಕೆಟ್ ತುಂಬಿಕೊಂಡು ಕರೆದ. ಮಂದೆಯೆಲ್ಲ ಬಂದ ಮೇಲೂ ಬೇಲಿಯ ಹೊರಗೆ, ಕಾಡಿನ ಕಡೆಯಿಂದ, ಗೊರಸಿನ ಸದ್ದು ಬರುತ್ತಲೇ ಇತ್ತು. ಮಂಜಿನೊಳಗಿಂದ ಒಂದು ಕೆಂಪು ಮೂತಿ ಹೊರಬಂದಿತು. ಮೈತುಂಬ ಮುಳ್ಳು, ಪಕ್ಕೆಲುಬು ಎಣಿಸುವಂತಿದ್ದವು, ಕಿವಿಯಲ್ಲಿ ಹಳೆಯ, ಮಾಸಿದ ಬಿಲ್ಲೆ. ಅದು ತಂತಿಯ ಮೇಲಿಂದ ಕತ್ತು ಚಾಚಿ ಅವನ ಜರ್ಕಿನ್ನಿನ ತೋಳನ್ನು ನೆಕ್ಕಿತು.

ಅವನು ಹಣೆ ಮುಟ್ಟಲಿಲ್ಲ. ಮುಟ್ಟುವ ಅಗತ್ಯವಿರಲಿಲ್ಲ. ಕಂಬ ಹಿಡಿದು ನಿಂತ. ಎಗೋನ್, ಹೆಲ್ಮುಟ್ ಪಾಲಾಗುವ ಮೊದಲು ಗಬ್ಬವಾಗಿದ್ದ ಹಸುಗಳು ಎರಡೂ ಕಡೆಗೆ ಹೋದದ್ದು, ಅವುಗಳ ಕರುಗಳೆಲ್ಲ ಬ್ರೂನೋ ಒಬ್ಬನವೇ ಎಂಬುದು ಅವನಿಗೆ ಗೊತ್ತಿದ್ದ ವಿಷಯವೇ. ಅಕ್ಕತಂಗಿಯರ ಹಣೆಯ ಮೇಲೆ ಬ್ರೂನೋನ ಸುಳಿ ಒಂದೇ ಥರ ಕೂತಿತ್ತು. ಒಂದು ಸುಳಿ ಒಂದೇ ದನಕ್ಕೆ ಎಂದ ತನ್ನ ಅಪ್ಪನನ್ನು ನಂಬಿ, ಕಣ್ಣೆದುರಿನ ಲೆಕ್ಕ ಬಿಟ್ಟಿದ್ದ.

ಎಗೋನ್‌ನ ಟ್ರ್ಯಾಕ್ಟರ್ ಬಂದಿತು. ಅವನೂ ನೋಡಿದ. ಟೋಪಿ ತೆಗೆದು, ಮತ್ತೆ ಹಾಕಿಕೊಂಡ.

"ಯಾರಾದರೂ ನೋಡಿದರೇ?" ಎಂದ.

"ಇಲ್ಲ."

"ಹಾಗಾದರೆ ಇವಳು ಬಂದೇ ಇಲ್ಲ. ಟ್ರೇಲರಿಗೆ ಹತ್ತಿಸೋಣ. ದೂರದಲ್ಲಿ ನನಗೆ ಗೊತ್ತಿರುವ ಕಸಾಯಿಯೊಬ್ಬನಿದ್ದಾನೆ, ಬಿಲ್ಲೆ ಕೇಳುವುದಿಲ್ಲ."

ಉಳವಪ್ಪ ಬೆರ್ತಾಳ ಮೈಯ ಮುಳ್ಳು ಕೀಳತೊಡಗಿದ. ಎಗೋನ್ ಹತ್ತಿರ ಬಂದು ದನಿ ತಗ್ಗಿಸಿದ. "ನಾನು ಮುದುಕ. ನನಗೆ ದಂಡ ಹಾಕುತ್ತಾರೆ, ಬೈಯುತ್ತಾರೆ, ಬಿಡುತ್ತಾರೆ. ಇದೇ ಎಂದವನು ನೀನು. ಕರೆದವನೂ ನೀನೇ. ಪಾಸ್‌ಪೋರ್ಟಿಗೆ ಕಾಯುತ್ತಿರುವವನು ಯಾರು, ನೀನೋ ನಾನೋ?"

ಅದು ನಿಜ. ಐನ್‌ಬ್ಯುರ್ಗರುಂಗ್, ಅಂದರೆ ಈ ದೇಶದ ಪೌರತ್ವ, ಇನ್ನೇನು ಕೈಗೆ ಬರುವುದರಲ್ಲಿತ್ತು. ತನ್ನ ಮೇಲೆ ಪೊಲೀಸ್ ಕೇಸ್ ಬಿದ್ದರೆ ಅದು ಮುಗಿಯುವ ತನಕ ಎಲ್ಲ ಅಲ್ಲೇ ನಿಲ್ಲುತ್ತದೆ. ಕಂಪನಿಯವರು ಏನನ್ನುತ್ತಾರೋ. ಪವಿ ಶಾಲೆಯಲ್ಲಿ ತಲೆಯೆತ್ತುವುದು ಹೇಗೋ. ಅಪ್ಪನಿಗೂ ಅಂದು ಹೀಗೇ ಅನಿಸಿರಬೇಕು, ಕಂಬಳಿಯಡಿ ಮಲಗಿದ ಮಗನ ಮುಖ ನೆನಪಾಗಿರಬೇಕು ಎಂದು ಉಳವಪ್ಪನಿಗೆ ಮೊದಲ ಸಲ ಹೊಳೆಯಿತು. ಅಪ್ಪನ ಮೇಲೆ ಕರುಳು ಕಿವುಚುವಷ್ಟು ಮರುಕ ಬಂದಿತು. ಆ ಮರುಕದ ಬೆನ್ನಿಗೇ ಸಿಟ್ಟೂ ಬಂದಿತು. ಆ ಮಗ ನಲವತ್ತು ವರ್ಷ ಬಾವಿಯ ಸದ್ದು ಕೇಳುತ್ತ ಬದುಕಿದ್ದನಲ್ಲ!

ಎಗೋನ್ ಟ್ರೇಲರ್ ಜೋಡಿಸಲು ಹೋದ. ಉಳವಪ್ಪ ಗೇಟು ತೆಗೆದು ಬೆರ್ತಾಳ ಕೊರಳಿಗೆ ಹಗ್ಗ ಹಾಕಿದ. ಹಳ್ಳಿಯ ದಾರಿಗೆ ಅವಳನ್ನು ತಿರುಗಿಸಿದವನು ಸಲೂನಿನ ಬಾಗಿಲ ಬಳಿ ನಿಂತ. ಆ ದೊಡ್ಡ ಗಂಟೆಯನ್ನು ಮೊಳೆಯಿಂದ ಇಳಿಸಿದ. ಅದನ್ನು ಅಂಗೈಯಲ್ಲಿ ಹಿಡಿಯಲಿಲ್ಲ. ಬಾರಿಸಿದಷ್ಟು ಬಾರಿಸಲಿ ಎಂದು ಪಟ್ಟಿ ಸಮೇತ ಬೆರ್ತಾಳ ಕೊರಳಿಗೆ ಬಿಗಿದ.

"ಏಯ್! ಎಲ್ಲಿಗೆ?" ಎಗೋನ್ ಹಿಂದಿನಿಂದ ಕೂಗಿದ.

"ಊರ ಒಳಗಿಂದ," ಎಂದ ಉಳವಪ್ಪ.

ಶನಿವಾರದ ಬೆಳಿಗ್ಗೆ, ಹಳ್ಳಿಯೆಲ್ಲ ಬೀದಿಯಲ್ಲಿತ್ತು. ಬೇಕರಿಯ ಮುಂದೆ ಸಾಲು, ಚರ್ಚಿನ ಎದುರು ತರಕಾರಿಯ ಅಂಗಡಿಗಳು. ಗಂಟೆ ಢಣಢಣ ಎನ್ನುತ್ತ ಬರುವುದನ್ನು ಕೇಳಿ ಜನ ತಿರುಗಿದರು, ಏನೋ ಮೆರವಣಿಗೆ ಇರಬೇಕೆಂದು ಕೆಲವರು ಫೋನ್ ತೆಗೆದರು. ಬ್ಯಾಂಕಿನವನು ಬ್ರೆಡ್ಡಿನ ಚೀಲ ಹಿಡಿದು ಹೊರಬಂದವನು ಅಲ್ಲೇ ನಿಂತುಬಿಟ್ಟ. ಕಿವಿಯ ಬಿಲ್ಲೆ ಅವನಿಗೆ ಕಂಡಿತು.

"ಇದು ಬೆರ್ತಾ," ಎಂದು ಉಳವಪ್ಪ ಗಟ್ಟಿಯಾಗಿ ಹೇಳಿದ. ಅವನ ಜರ್ಮನ್ ಆಫೀಸಿನ ಜರ್ಮನ್. ಬೀದಿಯಲ್ಲಿ ಅಷ್ಟು ಜೋರಾಗಿ ಅವನು ಅದನ್ನು ಎಂದೂ ಆಡಿರಲಿಲ್ಲ. "ಕಾಡಿನಲ್ಲಿದ್ದಳು, ಇವತ್ತು ಬಂದಳು. ಹೆಲ್ಮುಟ್ ಇವಳನ್ನು ಕದ್ದಿರಲಿಲ್ಲ. ಕದ್ದ ಎಂದವನು ನಾನು. ಅವನ ದನಗಳನ್ನು ಕರೆದು ಹೊರಗೆ ತಂದವನೂ ನಾನು."

ಸಂಘದವರ ಹೆಸರನ್ನು ಅವನು ಎತ್ತಲಿಲ್ಲ. ಚರ್ಚಿನ ಎದುರು ಒಮ್ಮೆ, ಬಸ್ ನಿಲ್ದಾಣದಲ್ಲಿ ಒಮ್ಮೆ ಅದೇ ಮಾತನ್ನು ಹೇಳುತ್ತ ಹಳ್ಳಿ ದಾಟಿ ಕಣಿವೆ ಇಳಿದ. ಹಿಂದೆ ಹಿಂದೆ ಒಂದಿಷ್ಟು ಜನ ಬಂದರು.

ಹೆಲ್ಮುಟ್ ಅಂಗಳದಲ್ಲಿ ಗಾಲಿ ಚೌಕಟ್ಟು ಹಿಡಿದು ನಡೆಯುವುದನ್ನು ಹೊಸದಾಗಿ ಕಲಿಯುತ್ತಿದ್ದ. ಗಂಟೆಯ ಸದ್ದಿಗೆ ಗೇಟಿನವರೆಗೆ ಬಂದ. ಬೆರ್ತಾಳ ಬಿಲ್ಲೆ ಓದಿದ, ಹಣೆ ನೋಡಿದ.

"ನನ್ನದಕ್ಕೂ ಹೀಗೇ ಇತ್ತು," ಎಂದ. ಅವನ ಕಣ್ಣು ತುಂಬಿದವು. ಆಮೇಲೆ ಉಳವಪ್ಪನ ಮುಖ ನೋಡಿದ. "ಆ ದಿನ ನಾನು ಕೈ ಚಾಚಿದ್ದೆ."

"ಹೌದು."

"ನೀನು ನಿಂತು ನೋಡಿದೆ."

"ಹೌದು," ಎಂದ ಉಳವಪ್ಪ.

ಹೆಲ್ಮುಟ್ ಕ್ಷಮಿಸಿದೆ ಎನ್ನಲಿಲ್ಲ. ಹಿಂದೆ ನಿಂತಿದ್ದ ಜನರನ್ನು ಒಬ್ಬೊಬ್ಬರನ್ನಾಗಿ ನೋಡಿದ, ಅವರು ಕಣ್ಣು ತಗ್ಗಿಸುವವರೆಗೆ. ಬೇಕರಿಯಲ್ಲಿ ತನ್ನನ್ನು ಕಳ್ಳನೆಂದವರು ಅವರೇ. "ನಿಮ್ಮೂರಿನ ಪದ್ಧತಿಯೇನು ಇದು, ಹೀಗೆ ಊರೆಲ್ಲ ಹೊಡೆದುಕೊಂಡು ಬರುವುದು?" ಎಂದು ಕೇಳಿದ.

"ಅಲ್ಲ," ಎಂದ ಉಳವಪ್ಪ. "ನನ್ನಪ್ಪ ಊರ ಹೊರಗಿಂದ ಹೊಡೆದುಕೊಂಡು ಹೋಗಿದ್ದ."

ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು. ಕೇಸಾಯಿತು, ಪಾಸ್‌ಪೋರ್ಟಿನ ಮಾತು ನಿಂತಿತು. ಕಸ್ತೂರಿ ಒಂದು ವಾರ ಮಾತು ಬಿಟ್ಟಳು. ಹಳ್ಳಿಯವರು ಯಾರೋ ತೆಗೆದ ವಿಡಿಯೋ ಪವಿಯ ಶಾಲೆಗೂ ತಲುಪಿತು. ಅವಳು ಅದನ್ನು ಬಾಗಿಲು ಹಾಕಿಕೊಂಡು ನೋಡಿದಳು. ಹೊರಗೆ ಬಂದು ಅಪ್ಪನ ಪಕ್ಕ ಕೂತಳು, ಪೈನ್‌ಲಿಶ್ ಎನ್ನಲಿಲ್ಲ. "ವಾರುಮ್, ಪಪ್ಪಾ?" ಎಂದು ಕೇಳಿದಳು, ಯಾಕೆ ಎಂದು. ಆ ದಿನ ಉಳವಪ್ಪ ಮೊದಲ ಬಾರಿಗೆ ಎತ್ತಿನ ಕಥೆಯನ್ನು ಬಾಯಿಬಿಟ್ಟು ಹೇಳಿದ. ಹೇಳಿ ಮುಗಿಸಿದಾಗ ಮಗಳು ಒಂದೇ ಪ್ರಶ್ನೆ ಕೇಳಿದಳು. ದುರಗಪ್ಪನಿಗೆ ಮಕ್ಕಳಿದ್ದರಾ?

ಇದ್ದರು. ಅವರಲ್ಲಿ ಒಬ್ಬಳು ಯಲ್ಲವ್ವ. ಶಾಲೆಯಲ್ಲಿ ಅವನಿಗಿಂತ ಒಂದು ತರಗತಿ ಹಿಂದೆ, ಕೊನೆಯ ಸಾಲಿನಲ್ಲಿ ಕೂರುತ್ತಿದ್ದವಳು. ಯಾರದಾದರೂ ಪೆನ್ಸಿಲ್ ಕಳೆದಾಗಲೆಲ್ಲ ಹುಡುಗರು ಮೊದಲು ಅವಳ ಚೀಲ ಸುರುವುತ್ತಿದ್ದರು. ಈಗ ಅದೇ ಊರಿನ ಅಂಗನವಾಡಿಯಲ್ಲಿ ಕೆಲಸ. ನಂಬರು ಸಿಗುವುದು ಕಷ್ಟವಾಗಲಿಲ್ಲ, ಒತ್ತುವುದು ಕಷ್ಟವಾಯಿತು.

"ಯಲ್ಲವ್ವಾ, ನಾನು ಉಳವಪ್ಪ. ಶರಣಪ್ಪನ ಮಗ."

"ಹೇಳ್ರಿ ಅಣ್ಣಾರ. ಜರ್ಮನಿಯಿಂದ ಮಾಡೀರೇನ್ರಿ? ಎಲ್ಲಾರೂ ಆರಾಮ?"

ಅವನು ನಿಲ್ಲದೆ ಹೇಳಿದ. ನಸುಕಿನಲ್ಲಿ ಎತ್ತು ಬಂದದ್ದು, ಗಂಟೆ ಬಾವಿಗೆ ಬಿದ್ದದ್ದು, ಹೊಳೆಯ ದಾರಿ. ಕೊನೆಗೆ, "ನಿಮ್ಮಪ್ಪ ಕಳ್ಳ ಅಲ್ಲವ್ವಾ. ನಮ್ಮಪ್ಪಗ ಗೊತ್ತಿತ್ತು. ನನಗೂ ಗೊತ್ತಿತ್ತು," ಎಂದ.

ಆ ಕಡೆ ಅವಳು ಎದ್ದು ಬಾಗಿಲು ಮುಂದೆ ಮಾಡಿಕೊಂಡ ಸದ್ದಾಯಿತು. ಮಕ್ಕಳು ಒಕ್ಕೊರಲಿನಲ್ಲಿ ಪದ್ಯ ಹೇಳುವುದು ಕೇಳಿಸುತ್ತಿತ್ತು.

"ನಮ್ಮಪ್ಪ ಕಳ್ಳ ಅಲ್ಲ ಅನ್ನೂದು ನನಗೇನು ಹೊಸಾ ಸುದ್ದಿ ಏನ್ರಿ?" ಎಂದಳು ಯಲ್ಲವ್ವ. ದನಿ ಎತ್ತರಿಸಲಿಲ್ಲ. "ಮುರಿದ ಕೈಗೆ ಎಣ್ಣಿ ಹಚ್ಚಿದಾಕಿ ನಾನು. ನಿಮ್ಮ ಮನಿ ಜ್ವಾಳದ ರೊಟ್ಟಿ ಅಂವ ಒಂದು ದಿನಾನೂ ಮುಟ್ಟಲಿಲ್ಲ, ನಾವು ಹುಡುಗ್ರು ತಿಂದು ಬೆಳದ್ವಿ. ನನ್ನ ಮುಂದ ಹೇಳಿ ಏನ್ ಮಾಡ್ತೀರಿ ಅಣ್ಣಾರ? ಇವತ್ತಿಗೂ ನನ್ನ ಮೊಮ್ಮಗನಿಗೆ ಕಳ್ಳ ದುರಗ್ಯಾನ ಮನಿಯಾಂವ ಅಂತಾರ. ಅನ್ನಾವ್ರ ಮುಂದ ಬಂದು ಹೇಳ್ರಿ."

"ಬರ್ತೀನವ್ವಾ," ಎಂದ ಉಳವಪ್ಪ. "ಕಾರಹುಣ್ಣಿವಿಗೆ ಬರ್ತೀನಿ."

ಆ ಹುಣ್ಣಿಮೆಗೆ ಎತ್ತುಗಳಿಗೆಲ್ಲ ಬಣ್ಣ ಬಳಿದು, ಕೊರಳಿಗೆ ಗಂಟೆ ಕಟ್ಟಿ, ಕರಿ ಹರಿಯಲು, ಎಂದರೆ ಅಡ್ಡ ಕಟ್ಟಿದ ತೋರಣವನ್ನು ಓಡಿ ಹರಿಯಲು, ಊರ ಅಗಸಿ ಬಾಗಿಲಿಗೆ ಹೊಡೆದುಕೊಂಡು ಬರುತ್ತಾರೆ. ಊರಿನಲ್ಲಿ ಒಬ್ಬರೂ ಮನೆಯೊಳಗೆ ಉಳಿಯುವುದಿಲ್ಲ. ಯಲ್ಲವ್ವ ನೋಡೋಣ ಎಂದಳು, 'ಬರ್ರಿ' ಎನ್ನಲಿಲ್ಲ, ಫೋನ್ ಇಟ್ಟಳು. ಉಳವಪ್ಪ ಕಿಟಕಿಯ ಬಳಿ ನಿಂತ. ಕೆಳಗೆ ಬೀದಿಯಲ್ಲಿ ಯಾರದೋ ಸೈಕಲ್ಲಿನ ಗಂಟೆ ಬಾರಿಸಿತು, ಅದರ ಹಿಂದೆ ಬಾವಿಯದೂ ಬಾರಿಸಿತು. ಪವಿ ಬಂದು ಯಾವಾಗ ಹೊರಡುವುದು ಎಂದು ಕನ್ನಡದಲ್ಲೇ ಕೇಳಿದಳು.